ನಡಿಗೆಗೂ ಒಂದು ಡೋಸ್ ಬೇಕು

ಸಕ್ಕರೆ ಕಾಯಿಲೆಗೆ ವೈದ್ಯರು ಬರೆದುಕೊಡುವ ಚೀಟಿಯನ್ನು ಒಮ್ಮೆ ಗಮನವಿಟ್ಟು ನೋಡಿ. ಮಾತ್ರೆಯ ಹೆಸರಿನ ಮುಂದೆ ಅದು ಎಷ್ಟು ಮಿಲಿಗ್ರಾಂ ಎಂದು ಬರೆದಿರುತ್ತದೆ. ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟಕ್ಕೆ ಮೊದಲೋ ಆಮೇಲೋ, ಎಷ್ಟು ದಿನಕ್ಕೆ, ಮತ್ತೆ ಯಾವಾಗ ಬಂದು ತೋರಿಸಬೇಕು, ಎಲ್ಲವೂ ಇರುತ್ತದೆ. ಅದೇ ಚೀಟಿಯ ತಳದಲ್ಲಿ, ಜಾಗ ಉಳಿದಿದ್ದರೆ, ‘ಡಯಟ್, ಎಕ್ಸರ್‌ಸೈಜ್’ ಎಂಬ ಎರಡು ಪದಗಳಿರುತ್ತವೆ. ಎಷ್ಟು, ಹೇಗೆ, ಯಾರ ನೆರವಿನಿಂದ, ಆಗದೇ ಹೋದರೆ ಏನು ಮಾಡುವುದು ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ. ಮೂರು ತಿಂಗಳ ನಂತರವೂ ಶುಗರ್ ಇಳಿಯದಿದ್ದರೆ ಮಾತ್ರೆಯ ಪ್ರಮಾಣ ಬದಲಾಗುತ್ತದೆ. ಆ ಎರಡು ಪದಗಳು ಹಾಗೆಯೇ ಉಳಿಯುತ್ತವೆ, ಜೊತೆಗೆ ‘ನೀವು ಪಥ್ಯ ಮಾಡುತ್ತಿಲ್ಲ’ ಎಂಬ ಆಕ್ಷೇಪ ಸೇರಿಕೊಳ್ಳುತ್ತದೆ. ಊಟ, ನಡಿಗೆ, ತೂಕ ಇವುಗಳನ್ನು ಬದಲಿಸಿಕೊಂಡರೆ ದೀರ್ಘಕಾಲದ ಕಾಯಿಲೆಗಳನ್ನು ತಡೆಯಬಹುದು, ಕೆಲವರಲ್ಲಿ ಹಿಮ್ಮೆಟ್ಟಿಸಲೂಬಹುದು ಎಂಬುದಕ್ಕೆ ಕಳೆದ ನಾಲ್ಕು ದಶಕಗಳಲ್ಲಿ ಗಟ್ಟಿ ಪುರಾವೆ ಸಿಕ್ಕಿದೆ. ಆ ಪುರಾವೆಯನ್ನು ಹತ್ತಿರದಿಂದ ಓದಿದವರಿಗೆ ಇನ್ನೊಂದು ಸಂಗತಿಯೂ ಕಾಣುತ್ತದೆ. ಫಲ ಸಿಕ್ಕ ಕಡೆಗಳಲ್ಲಿ ಜನರಿಗೆ ಕೊಟ್ಟದ್ದು ಬುದ್ಧಿಮಾತಲ್ಲ, ಚಿಕಿತ್ಸೆ. ಅದಕ್ಕೆ ಅಳತೆಯಿತ್ತು, ಅವಧಿಯಿತ್ತು, ಮರಳಿ ಮರಳಿ ವಿಚಾರಿಸುವ ಮನುಷ್ಯರಿದ್ದರು. ನಮ್ಮ ಆಸ್ಪತ್ರೆಗಳಲ್ಲಿ ಸಿಗುತ್ತಿರುವುದು ಅದರ ಹೆಸರು ಮಾತ್ರ.

ಈ ವ್ಯತ್ಯಾಸ ಎಷ್ಟು ಜನರ ಬದುಕನ್ನು ಮುಟ್ಟುತ್ತದೆ ಎಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ‘ಇಂಡಿಯಾಬ್’ ಸಮೀಕ್ಷೆಯಿಂದ ತಿಳಿಯುತ್ತದೆ. 2008ರಿಂದ 2020ರವರೆಗೆ ದೇಶದ ಎಲ್ಲ ಭಾಗಗಳಲ್ಲಿ 1,13,000 ವಯಸ್ಕರನ್ನು ಪರೀಕ್ಷಿಸಿದ ಈ ಸಮೀಕ್ಷೆಯ ಲೆಕ್ಕ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10.1 ಕೋಟಿ. ರಕ್ತದೊತ್ತಡ ಹೆಚ್ಚಿರುವವರು ವಯಸ್ಕರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ನನಗೆ ಇವೆರಡಕ್ಕಿಂತ ಮುಖ್ಯವಾಗಿ ಕಾಣುವುದು ಮೂರನೆಯ ಸಂಖ್ಯೆ: ಇನ್ನೂ ಕಾಯಿಲೆಯಾಗಿಲ್ಲ, ಆದರೆ ರಕ್ತದ ಸಕ್ಕರೆ ಸಹಜಕ್ಕಿಂತ ಮೇಲಿದೆ ಎನ್ನುವ ಸ್ಥಿತಿಯಲ್ಲಿರುವವರು 13.6 ಕೋಟಿ. ಆಡುಮಾತಿನಲ್ಲಿ ‘ಶುಗರ್ ಬಾರ್ಡರ್‌ನಲ್ಲಿದೆ’ ಎನ್ನುತ್ತೇವಲ್ಲ, ಆ ಜನ. ಸಕ್ಕರೆ ಕಾಯಿಲೆ ಹಳ್ಳಿಗಿಂತ ಪೇಟೆಯಲ್ಲಿ ಹೆಚ್ಚು. ಈ ಬಾರ್ಡರ್ ಸ್ಥಿತಿ ಮಾತ್ರ ಹಳ್ಳಿ ಪೇಟೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದೆ. ಅಂದರೆ ಮುಂದಿನ ಹತ್ತು ವರ್ಷಗಳ ರೋಗಿಗಳು ಹೊಲಗದ್ದೆಗಳ ಊರುಗಳಲ್ಲೂ ತಯಾರಾಗುತ್ತಿದ್ದಾರೆ. ‘ಬಾರ್ಡರ್‌ನಲ್ಲಿದೆ’ ಎಂಬ ಮಾತು ಕೇಳಿದವರು ಬಹುಪಾಲು ನಿಟ್ಟುಸಿರು ಬಿಟ್ಟು ಮನೆಗೆ ಹೋಗುತ್ತಾರೆ, ಏಕೆಂದರೆ ಆ ಮಾತಿನ ಜೊತೆಗೆ ಅವರ ಕೈಗೆ ಬೇರೇನೂ ಸಿಗುವುದಿಲ್ಲ.

ಈ ಸ್ಥಿತಿಯಲ್ಲಿರುವವರಿಗೆ ಏನಾದರೂ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಮೊದಲು ದೊಡ್ಡದಾಗಿ ಪರೀಕ್ಷಿಸಿದ್ದು ಚೀನಾದ ಈಶಾನ್ಯ ಮೂಲೆಯ ಎಣ್ಣೆಬಾವಿಗಳ ನಗರ ದಾಚಿಂಗ್‌ನಲ್ಲಿ. 1986ರಲ್ಲಿ ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ತಪಾಸಣೆ ಮಾಡಿ, ಬಾರ್ಡರ್ ಹಂತದಲ್ಲಿದ್ದ 577 ಮಂದಿಯನ್ನು ಆರಿಸಿಕೊಂಡರು. 33 ಕ್ಲಿನಿಕ್‌ಗಳನ್ನು ಚೀಟಿ ಎತ್ತಿದಂತೆ ಹಂಚಿ, ಕೆಲವು ಕಡೆ ಊಟದ ಬದಲಾವಣೆ, ಕೆಲವು ಕಡೆ ವ್ಯಾಯಾಮ, ಕೆಲವು ಕಡೆ ಎರಡನ್ನೂ ಜಾರಿಗೆ ತಂದರು. ಉಳಿದ ಕಡೆ ಎಂದಿನಂತೆ ಸಾಮಾನ್ಯ ಸಲಹೆ. ಆರು ವರ್ಷ ಮುಗಿದಾಗ ಸಾಮಾನ್ಯ ಸಲಹೆಯಷ್ಟೇ ಪಡೆದವರಲ್ಲಿ ನೂರಕ್ಕೆ 68 ಮಂದಿಗೆ ಸಕ್ಕರೆ ಕಾಯಿಲೆ ಬಂದಿತ್ತು. ಉಳಿದ ಮೂರು ಗುಂಪುಗಳಲ್ಲಿ ಅದು 41ರಿಂದ 46ರ ನಡುವೆ ಇತ್ತು. 1992ರಲ್ಲಿ ಕಾರ್ಯಕ್ರಮ ನಿಂತಿತು. ಆದರೆ ಸಂಶೋಧಕರು ಆ ಜನರನ್ನು ಕೈಬಿಡಲಿಲ್ಲ, ಅವರ ಹಿಂದೆ ಮೂವತ್ತು ವರ್ಷ ನಡೆದರು. 2019ರಲ್ಲಿ ಬಂದ ವರದಿಯಂತೆ, ಆ ಆರು ವರ್ಷಗಳ ಚಿಕಿತ್ಸೆ ಪಡೆದವರಲ್ಲಿ ಕಾಯಿಲೆ ಸರಾಸರಿ ನಾಲ್ಕು ವರ್ಷ ತಡವಾಗಿ ಬಂತು, ಹೃದಯಾಘಾತ, ಪಾರ್ಶ್ವವಾಯುವಿನಂಥ ಘಟನೆಗಳು ಶೇ 26ರಷ್ಟು ಕಡಿಮೆಯಾದವು, ಸಾವಿನ ಪ್ರಮಾಣವೂ ಶೇ 26ರಷ್ಟು ತಗ್ಗಿತು. ಆಯುಷ್ಯ ಸರಾಸರಿ ಒಂದೂವರೆ ವರ್ಷದಷ್ಟು ಹೆಚ್ಚಿತು. ನಾಲ್ಕು ವರ್ಷ ತಡ ಎಂದರೆ ಏನು ಮಹಾ ಎಂದು ಅನ್ನಿಸಬಹುದು. ರಕ್ತದಲ್ಲಿ ಏರಿದ ಸಕ್ಕರೆ ಕಣ್ಣಿನ, ಮೂತ್ರಪಿಂಡದ, ಕಾಲಿನ ನರಗಳ ಸಣ್ಣ ರಕ್ತನಾಳಗಳನ್ನು ಸವೆಸುವುದು ವರ್ಷಗಳ ಲೆಕ್ಕದಲ್ಲೇ. ಆ ಸವೆತದಲ್ಲಿ ನಾಲ್ಕು ವರ್ಷ ಉಳಿಸಿಕೊಟ್ಟ ಮಾತ್ರೆಯೊಂದು ಇದ್ದಿದ್ದರೆ ಅದು ಎಲ್ಲ ಅಂಗಡಿಗಳಲ್ಲೂ ಸಿಗುತ್ತಿತ್ತು.

ಮಾತ್ರೆಯ ಜೊತೆಗೇ ಹೋಲಿಸಿ ನೋಡಿದ ಪ್ರಯೋಗ ಅಮೆರಿಕದ್ದು. 27 ಕೇಂದ್ರಗಳಲ್ಲಿ 3,234 ಮಂದಿಯ ಮೇಲೆ ನಡೆದ ಅದರ ಫಲಿತಾಂಶ 2002ರಲ್ಲಿ ಬಂತು. ಸುಮ್ಮನೆ ಹೋಲಿಕೆಗೆಂದು ಹುಸಿಮಾತ್ರೆ ಪಡೆದವರಿಗಿಂತ ಮೆಟ್‌ಫಾರ್ಮಿನ್ ಪಡೆದವರಲ್ಲಿ ಸಕ್ಕರೆ ಕಾಯಿಲೆ ಶೇ 31ರಷ್ಟು ಕಡಿಮೆ ಬಂತು. ಜೀವನಕ್ರಮ ಬದಲಿಸಿಕೊಂಡವರಲ್ಲಿ ಶೇ 58ರಷ್ಟು ಕಡಿಮೆ. ಈ 58 ಎಂಬ ಅಂಕಿಯನ್ನು ನಮ್ಮ ಆರೋಗ್ಯ ಅಂಕಣಗಳು ಹಲವು ಬಾರಿ ಹೇಳಿವೆ. ಆ ಅಂಕಿಯ ಹಿಂದೆ ಏನಿತ್ತು ಎಂಬುದನ್ನು ಹೇಳಿದ್ದು ಕಡಿಮೆ. ಪ್ರತಿಯೊಬ್ಬರಿಗೂ ತನ್ನದೇ ಆದ ಒಬ್ಬ ತರಬೇತುದಾರರಿದ್ದರು. ಮೊದಲ ಆರು ತಿಂಗಳಲ್ಲಿ ಎದುರುಬದುರು ಕೂತು ಕಲಿಯುವ 16 ಪಾಠಗಳಿದ್ದವು. ಗುರಿ ಸ್ಪಷ್ಟವಾಗಿತ್ತು: ದೇಹದ ತೂಕದಲ್ಲಿ ಶೇ 7 ಇಳಿಸಬೇಕು, ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಬೇಕು. ತಿಂದದ್ದನ್ನು ಬರೆದಿಡಬೇಕು, ತೂಕ ನೋಡಿಕೊಳ್ಳುತ್ತಿರಬೇಕು. ಅಡ್ಡಿ ಬಂದರೆ ಅದನ್ನು ದಾಟಲು ಏನು ಮಾಡಬಹುದೆಂದು ತರಬೇತುದಾರರು ಜೊತೆಯಲ್ಲಿ ಕೂತು ಯೋಚಿಸುತ್ತಿದ್ದರು. ಪಾಠ ಮುಗಿದ ಮೇಲೂ ಭೇಟಿ, ಫೋನು ನಿಲ್ಲಲಿಲ್ಲ. ಶೇ 58 ಬಂದದ್ದು ಇದೆಲ್ಲದರಿಂದ. ಚೀಟಿಯ ತಳದ ಎರಡು ಪದಗಳಿಂದ ಅದೇ ಫಲ ನಿರೀಕ್ಷಿಸುವುದು, ಮೆಟ್‌ಫಾರ್ಮಿನ್ ಎಂಬ ಹೆಸರನ್ನು ಕಾಗದದ ಮೇಲೆ ಓದಿಸಿ ಶುಗರ್ ಇಳಿಯಲಿ ಎಂದು ಕಾದಂತೆ.

ಅಮೆರಿಕನ್ನರ ದಪ್ಪ ದೇಹಕ್ಕೆ ಹೊಂದಿದ್ದು ನಮ್ಮವರಿಗೆ ಹೊಂದೀತೆ ಎಂಬ ಪ್ರಶ್ನೆ ಸಹಜ. ಅದಕ್ಕೆ ಉತ್ತರ ಚೆನ್ನೈಯಿಂದ ಬಂತು. ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ನಡೆಸಿದ ಭಾರತೀಯ ಮಧುಮೇಹ ತಡೆ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಬಾರ್ಡರ್ ಹಂತದ 531 ಮಂದಿಯನ್ನು ನಾಲ್ಕು ಗುಂಪು ಮಾಡಿದ್ದರು. ಏನೂ ವಿಶೇಷ ನೆರವು ಪಡೆಯದ ಗುಂಪಿನಲ್ಲಿ ಮೂರೇ ವರ್ಷಕ್ಕೆ ನೂರಕ್ಕೆ 55 ಮಂದಿ ಸಕ್ಕರೆ ಕಾಯಿಲೆಗೆ ಜಾರಿದರು. ಅಮೆರಿಕದ ಅಧ್ಯಯನದಲ್ಲಿ ಇದೇ ಅವಧಿಗೆ ಈ ಪ್ರಮಾಣ ನೂರಕ್ಕೆ ಸುಮಾರು 29. ನಮ್ಮ ದೇಹ ಈ ಇಳಿಜಾರಿನಲ್ಲಿ ಹೆಚ್ಚುಕಡಿಮೆ ಇಮ್ಮಡಿ ವೇಗದಲ್ಲಿ ಜಾರುತ್ತದೆ ಎಂದಾಯಿತು. ಊಟ ನಡಿಗೆಗಳ ಬದಲಾವಣೆ ಮಾಡಿಕೊಂಡವರಲ್ಲಿ 39, ಮೆಟ್‌ಫಾರ್ಮಿನ್ ನುಂಗಿದವರಲ್ಲಿ 40, ಎರಡನ್ನೂ ಮಾಡಿದವರಲ್ಲಿಯೂ 39ರ ಸುಮಾರಿಗೇ ನಿಂತಿತು. ಅಲ್ಲಿ ಕೇಳಿದ್ದು ದೊಡ್ಡದೇನಲ್ಲ: ದಿನಕ್ಕೆ ಅರ್ಧ ಗಂಟೆಯ ಚುರುಕು ನಡಿಗೆ, ಸಕ್ಕರೆ ಬಿಡುವುದು, ನಯವಾಗಿಸಿದ ಧಾನ್ಯ ಮತ್ತು ಎಣ್ಣೆ ತಗ್ಗಿಸುವುದು, ನಾರಿನಂಶ ಹೆಚ್ಚಿಸುವುದು. ಇನ್ನೂ ಗಮನಿಸಬೇಕಾದ ಸಂಗತಿಯೆಂದರೆ, ಈ ಗುಂಪಿನ ತೂಕ ಹೇಳಿಕೊಳ್ಳುವಂತೆ ಇಳಿಯಲಿಲ್ಲ, ಆದರೂ ಕಾಯಿಲೆ ಕಡಿಮೆಯಾಯಿತು. ಊಟದ ನಂತರ ರಕ್ತಕ್ಕೆ ಬರುವ ಸಕ್ಕರೆಯ ದೊಡ್ಡ ಪಾಲನ್ನು ಹೀರಿಕೊಳ್ಳುವುದು ಮಾಂಸಖಂಡ. ಕೆಲಸ ಮಾಡುವ ಮಾಂಸಖಂಡ ಇನ್ಸುಲಿನ್ ಬಂದು ಬಾಗಿಲು ತಟ್ಟುವವರೆಗೆ ಕಾಯುವುದಿಲ್ಲ, ಸಕ್ಕರೆಯನ್ನು ತಾನೇ ಒಳಗೆ ಎಳೆದುಕೊಳ್ಳುತ್ತದೆ. ತಕ್ಕಡಿಯ ಮುಳ್ಳು ಅಲ್ಲಾಡದಿದ್ದರೂ ನಡೆದವನ ರಕ್ತದಲ್ಲಿ ವ್ಯತ್ಯಾಸವಾಗುವುದು ಹೀಗೆ. ‘ಒಂದು ತಿಂಗಳು ನಡೆದೆ, ಒಂದು ಕಿಲೋ ಇಳಿಯಲಿಲ್ಲ’ ಎಂದು ಕೈಬಿಡುವ ಎಷ್ಟೋ ಜನರಿಗೆ ಈ ಒಂದು ಮಾತನ್ನು ಯಾರಾದರೂ ಬಿಡಿಸಿ ಹೇಳಿದ್ದರೆ ಚೆನ್ನಾಗಿತ್ತು.

ತೆಳ್ಳಗೆ ಕಾಣುವ ನಮ್ಮವರಲ್ಲಿ ಈ ಕಾಯಿಲೆ ಯಾಕೆ ಇಷ್ಟು ಎಂಬುದಕ್ಕೆ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ಕೆಲಸ ಬೆಳಕು ಚೆಲ್ಲುತ್ತದೆ. ಬ್ರಿಟನ್ನಿನ ವೈದ್ಯ ಜಾನ್ ಯುಡ್ಕಿನ್ ಮತ್ತು ಯಾಜ್ಞಿಕ್ ಇಬ್ಬರೂ ಪಕ್ಕಪಕ್ಕ ನಿಂತ ಚಿತ್ರವೊಂದು 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಅಂದರೆ ಬಿಎಂಐ, ಇಬ್ಬರದೂ ಒಂದೇ: 22.3. ದೇಹದಲ್ಲಿದ್ದ ಕೊಬ್ಬು ಮಾತ್ರ ಯುಡ್ಕಿನ್ ಅವರದು ಶೇ 9ರಷ್ಟು, ಯಾಜ್ಞಿಕ್ ಅವರದು ಶೇ 21ರಷ್ಟು. ಮಾಂಸಖಂಡ ಕಡಿಮೆ, ಹೊಟ್ಟೆಯೊಳಗಿನ ಕೊಬ್ಬು ಹೆಚ್ಚು, ಇದು ನಮ್ಮ ದೇಹದ ರಚನೆ. ಅದು ಹುಟ್ಟಿನಿಂದಲೇ ಇರುತ್ತದೆ ಎಂಬುದನ್ನು ಪುಣೆಯ ಸುತ್ತಲ ಹಳ್ಳಿಗಳ ನವಜಾತ ಶಿಶುಗಳ ಅಧ್ಯಯನ ತೋರಿಸಿತು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ, ಈ ಕಥೆಗೆ ಕೊಟ್ಟಿರುವ ಕೊಡುಗೆ ದೊಡ್ಡದು. 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾಖಲೆಯಲ್ಲಿ ಬರೆದಿಟ್ಟಿದ್ದರು. ದಶಕಗಳ ನಂತರ ಸಂಶೋಧಕರು ಆ ಮಕ್ಕಳನ್ನು ಮಧ್ಯವಯಸ್ಕರಾಗಿ ಹುಡುಕಿ ಹೃದಯ ಪರೀಕ್ಷೆ ಮಾಡಿದರು. 1996ರಲ್ಲಿ ಪ್ರಕಟವಾದ ಫಲಿತಾಂಶದಂತೆ, 45 ದಾಟಿದವರಲ್ಲಿ, ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗವಿತ್ತು. ಮೂರು ಕಿಲೋಗಿಂತ ಹೆಚ್ಚು ತೂಗಿದವರಲ್ಲಿ ನೂರಕ್ಕೆ ಮೂವರಿಗೆ ಮಾತ್ರ.

ಇಲ್ಲಿಯೇ ಮೊದಲ ದೊಡ್ಡ ಆಕ್ಷೇಪ ಏಳುತ್ತದೆ. ತಾಯ ಗರ್ಭದಲ್ಲೇ ಬರೆದಾಗಿದ್ದರೆ, ವಂಶದಲ್ಲೇ ಬಂದಿದ್ದರೆ, ನಲವತ್ತರ ನಂತರ ನಡೆದು ಏನು ಪ್ರಯೋಜನ? ಈ ಮಾತನ್ನು ಹಗುರವಾಗಿ ತೆಗೆದುಹಾಕಲಾಗದು. ಅದರಲ್ಲಿ ಅರ್ಧ ಸತ್ಯವಿದೆ, ಗರ್ಭಿಣಿಯ ಪೋಷಣೆ ಕೂಡ ಈ ಕಾಯಿಲೆಗಳ ತಡೆಯ ಭಾಗ ಎಂದು ಅದು ನೆನಪಿಸುತ್ತದೆ. ಆದರೆ ಚೆನ್ನೈ ಅಧ್ಯಯನದಲ್ಲಿದ್ದವರೂ ಇದೇ ಗರ್ಭಗಳಿಂದ, ಇದೇ ವಂಶಗಳಿಂದ ಬಂದವರು. ಅವರ ಸರಾಸರಿ ವಯಸ್ಸು 46ರ ಹತ್ತಿರ. ಹುಟ್ಟು ಕೊಟ್ಟ ದೇಹವನ್ನು ಬದಲಿಸದೆಯೇ ಅವರ ಮೂರು ವರ್ಷಗಳ ಭವಿಷ್ಯ ಬದಲಾಯಿತು. ಹುಟ್ಟಿನಿಂದ ಬಂದದ್ದು ಇಳಿಜಾರು ಎಷ್ಟು ಕಡಿದು ಎಂಬುದನ್ನು ಹೇಳುತ್ತದೆ. ಕಡಿದಾದ ಇಳಿಜಾರಿನಲ್ಲಿ ನಿಂತವನಿಗೆ ಹಿಡಿದುಕೊಳ್ಳಲು ಆಸರೆ ಹೆಚ್ಚು ಬೇಕು, ಮತ್ತು ಬೇಗ ಬೇಕು.

ಈಗಾಗಲೇ ಕಾಯಿಲೆ ಬಂದವರ ಮಾತೇನು? ಒಮ್ಮೆ ಬಂದರೆ ಹೋಗುವುದಿಲ್ಲ ಎಂಬ ನಂಬಿಕೆಯನ್ನು ಅಲುಗಾಡಿಸಿದ್ದು ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನ ಟೈನ್‌ಸೈಡ್ ಪ್ರದೇಶದ ಸಾಮಾನ್ಯ ಕ್ಲಿನಿಕ್‌ಗಳಲ್ಲಿ ನಡೆದ ‘ಡೈರೆಕ್ಟ್’ ಪ್ರಯೋಗ. ಮೈಕ್ ಲೀನ್ ಮತ್ತು ರಾಯ್ ಟೇಲರ್ ಇದರ ಮುಂದಾಳುಗಳು. ಕಾಯಿಲೆ ಪತ್ತೆಯಾಗಿ ಆರು ವರ್ಷ ಮೀರದ, ಇನ್ಸುಲಿನ್ ಇನ್ನೂ ಶುರುವಾಗದ, ತೂಕ ಹೆಚ್ಚಿದ್ದ ಜನರಿಗೆ ಮೂರರಿಂದ ಐದು ತಿಂಗಳ ಕಾಲ ದಿನಕ್ಕೆ 850 ಕ್ಯಾಲೊರಿ ಮೀರದ ಪಾನೀಯ ರೂಪದ ಆಹಾರವನ್ನಷ್ಟೇ ಕೊಟ್ಟರು. ಆಮೇಲೆ ನಿಧಾನವಾಗಿ ಮಾಮೂಲಿ ಊಟ, ನರ್ಸ್ ಅಥವಾ ಆಹಾರ ತಜ್ಞರ ಸತತ ನಿಗಾ. ವರ್ಷದ ಕೊನೆಗೆ ನೂರಕ್ಕೆ 46 ಮಂದಿಯ ಸಕ್ಕರೆ ಯಾವ ಮಾತ್ರೆಯೂ ಇಲ್ಲದೆ ಕಾಯಿಲೆಯ ಗೆರೆಗಿಂತ ಕೆಳಗಿತ್ತು. ಎಂದಿನ ಚಿಕಿತ್ಸೆಯವರಲ್ಲಿ ಹೀಗಾದದ್ದು ನೂರಕ್ಕೆ 4. ತೂಕ 15 ಕಿಲೋ ಅಥವಾ ಹೆಚ್ಚು ಇಳಿಸಿದವರನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ 86. ಟೇಲರ್ ಅವರ ವಿವರಣೆ ಸರಳವಾಗಿದೆ: ಹೆಚ್ಚುವರಿ ಕೊಬ್ಬು ಮೊದಲು ಯಕೃತ್ತಿನಲ್ಲಿ ತುಂಬುತ್ತದೆ, ಅಲ್ಲಿಂದ ಮೇದೋಜ್ಜೀರಕ ಗ್ರಂಥಿಗೆ ಹರಿದು ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಮಂಕಾಗಿಸುತ್ತದೆ. ಆ ಕೊಬ್ಬು ಕರಗಿದರೆ, ತಡವಾಗಿರದಿದ್ದರೆ, ಅವು ಮತ್ತೆ ಎಚ್ಚರಗೊಳ್ಳುತ್ತವೆ. ಪ್ರತಿಯೊಬ್ಬರ ದೇಹಕ್ಕೂ ಅದರದೇ ಆದ ಕೊಬ್ಬಿನ ಮಿತಿ ಇದೆ ಎಂದು ಅವರು ಹೇಳುತ್ತಾರೆ. ತೂಕ ಅಷ್ಟೇನೂ ಹೆಚ್ಚಿಲ್ಲದ 20 ಮಂದಿಯಲ್ಲಿ ನಡೆಸಿದ ಮುಂದಿನ ಸಣ್ಣ ಅಧ್ಯಯನದಲ್ಲಿ 14 ಮಂದಿಗೆ ಇದೇ ಫಲ ಸಿಕ್ಕಿತು. ತೆಳ್ಳಗಿದ್ದೂ ಕಾಯಿಲೆ ಬರುವ ನಮ್ಮವರಿಗೆ ಇದು ಆಸೆ ಹುಟ್ಟಿಸುವ ಸುಳಿವು, ಆದರೆ ಇಪ್ಪತ್ತು ಜನರ ಸುಳಿವು.

ಈ ಪ್ರಯೋಗದ ಹೆಸರು ಹೇಳಿ ನಮ್ಮಲ್ಲಿ ವ್ಯಾಪಾರ ನಡೆಯುತ್ತಿದೆ. ‘ಶುಗರ್ ಬುಡಸಮೇತ ವಾಸಿ, ಮಾತ್ರೆ ಎಸೆಯಿರಿ’ ಎಂಬ ಜಾಹೀರಾತುಗಳು ಮೊಬೈಲ್ ತೆರೆದರೆ ಕಾಣುತ್ತವೆ. ಜೀವನಕ್ರಮದ ಬದಲಾವಣೆಯನ್ನು ಗಂಭೀರವಾಗಿ ನಂಬುವವರು ಮೊದಲು ವಿರೋಧಿಸಬೇಕಾದದ್ದು ಇದನ್ನೇ. ಡೈರೆಕ್ಟ್ ಪ್ರಯೋಗದಲ್ಲಿ ಮಾತ್ರೆ ನಿಲ್ಲಿಸಿದ್ದು ವೈದ್ಯರು, ನಿಲ್ಲಿಸಿದ ಮೇಲೆ ರಕ್ತ ಪರೀಕ್ಷೆ ಮಾಡುತ್ತಿದ್ದವರೂ ಅವರೇ. ಕಾಯಿಲೆ ಹಿಂದೆ ಸರಿದದ್ದಕ್ಕೆ ಅವರು ವಾಸಿ ಎನ್ನುವ ಪದ ಬಳಸಲಿಲ್ಲ, ಏಕೆಂದರೆ ತೂಕ ಮರಳಿದಾಗ ಕಾಯಿಲೆಯೂ ಮರಳಿತು. ಎರಡನೇ ವರ್ಷಕ್ಕೆ 46 ಇದ್ದದ್ದು 36 ಆಯಿತು. ಮುಂದೆ ಐದು ವರ್ಷದವರೆಗೆ ನಿಗಾ ಮುಂದುವರಿದ ಗುಂಪಿನಲ್ಲೂ ಕೊನೆಗೆ ಉಳಿದದ್ದು ನೂರಕ್ಕೆ 13. ಇನ್ನು ಮಕ್ಕಳಲ್ಲಿ, ಹದಿಹರೆಯದವರಲ್ಲಿ ಹೆಚ್ಚಾಗಿ ಕಾಣುವ ಟೈಪ್ 1 ಕಾಯಿಲೆಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳೇ ನಾಶವಾಗಿರುತ್ತವೆ. ಅವರಿಗೆ ಇನ್ಸುಲಿನ್ ನಿಲ್ಲಿಸಿ ಕಷಾಯ ಕುಡಿಯಿರಿ ಎನ್ನುವುದು ಪ್ರಾಣ ತೆಗೆಯುವ ಸಲಹೆ.

ಮರಳಿ ಬರುವುದಾದರೆ ಇಷ್ಟೆಲ್ಲ ಶ್ರಮ ಏಕೆ ಎಂಬುದು ಎರಡನೆಯ ಆಕ್ಷೇಪ. ಇದಕ್ಕೆ ಬಲ ಕೊಡುವ ಅಧ್ಯಯನವೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಅಮೆರಿಕದ ‘ಲುಕ್ ಅಹೆಡ್’ ಪ್ರಯೋಗ ಸಕ್ಕರೆ ಕಾಯಿಲೆ ಇದ್ದ 5,145 ಮಂದಿಯಲ್ಲಿ ತೀವ್ರ ಜೀವನಕ್ರಮ ಚಿಕಿತ್ಸೆಯಿಂದ ಹೃದಯಾಘಾತ ಕಡಿಮೆಯಾಗುತ್ತದೆಯೇ ಎಂದು ನೋಡಲು ಹೊರಟಿತ್ತು. ಸುಮಾರು ಹತ್ತು ವರ್ಷವಾದರೂ ವ್ಯತ್ಯಾಸ ಕಾಣದೆ 2012ರಲ್ಲಿ ನಿಂತಿತು. ಇದರಿಂದ ನಾನು ಎರಡು ಸಂಗತಿ ಕಲಿಯುತ್ತೇನೆ. ಕಾಯಿಲೆ ಬಂದು ವರ್ಷಗಳಾದ ಮೇಲೆ, ಕೊಲೆಸ್ಟರಾಲ್ ಮತ್ತು ಬಿಪಿ ಮಾತ್ರೆಗಳನ್ನು ಎಲ್ಲರೂ ಚೆನ್ನಾಗಿ ತೆಗೆದುಕೊಳ್ಳುತ್ತಿರುವಾಗ, ಹೃದಯದ ಮಟ್ಟಿಗೆ ಊಟ ನಡಿಗೆಗಳು ಸೇರಿಸುವ ಲಾಭ ಸಣ್ಣದು. ಆದ್ದರಿಂದ ಮಾತ್ರೆ ಬೇಕು, ಅದರ ಬಗ್ಗೆ ಚೌಕಾಸಿ ಬೇಡ. ಆದರೆ ಅದೇ ಪ್ರಯೋಗದಲ್ಲಿ ಜೀವನಕ್ರಮದ ಗುಂಪಿನವರಿಗೆ ಮೂತ್ರಪಿಂಡದ ತೀವ್ರ ಕಾಯಿಲೆ ಕಡಿಮೆ ಬಂತು, ಓಡಾಡುವ ಶಕ್ತಿ ಹೆಚ್ಚು ಕಾಲ ಉಳಿಯಿತು, ಖಿನ್ನತೆ ಕಡಿಮೆಯಾಯಿತು, ಮಾತ್ರೆಗಳ ಸಂಖ್ಯೆ ತಗ್ಗಿತು. ಅರವತ್ತೈದರ ಒಬ್ಬರು ಯಾರ ಕೈ ಹಿಡಿಯದೆ ಮಹಡಿ ಹತ್ತುವುದು ಹೃದಯಾಘಾತದ ಲೆಕ್ಕದಲ್ಲಿ ಬರುವುದಿಲ್ಲ. ಅವರ ಮನೆಯವರಿಗೆ ಅದರ ಬೆಲೆ ಗೊತ್ತು. ಇನ್ನು ಫಲ ಕಾಲಕ್ರಮೇಣ ಕರಗುವುದರ ಬಗ್ಗೆ: ಬಿಪಿ ಮಾತ್ರೆ ನಿಲ್ಲಿಸಿದರೆ ಬಿಪಿ ಏರುತ್ತದೆ, ಅದಕ್ಕಾಗಿ ಯಾರೂ ಆ ಮಾತ್ರೆ ಕೆಲಸ ಮಾಡುವುದಿಲ್ಲ ಎನ್ನುವುದಿಲ್ಲ, ಮುಂದುವರಿಸಿ ಎನ್ನುತ್ತಾರೆ. ಜೀವನಕ್ರಮಕ್ಕೂ ಅದೇ ನ್ಯಾಯ ಸಲ್ಲಬೇಕು. ಮಾತ್ರೆಯೂ ಇದೂ ಎದುರಾಳಿಗಳಲ್ಲ ಎಂಬುದನ್ನು ಚೆನ್ನೈಯದೇ ಇನ್ನೊಂದು ಅಧ್ಯಯನ, ‘ಡಿ-ಕ್ಲಿಪ್’, ತೋರಿಸಿತು. ಅಲ್ಲಿ ಮೊದಲು ಊಟ ವ್ಯಾಯಾಮಗಳ ತರಗತಿ, ಅದು ಸಾಲದವರಿಗೆ ಮೆಟ್‌ಫಾರ್ಮಿನ್ ಸೇರಿಸಿದರು. ಬಹುಪಾಲು ಜನರಿಗೆ ಸೇರಿಸಬೇಕಾಗಿ ಬಂತು. ಒಟ್ಟಾರೆ ಹೊಸ ಕಾಯಿಲೆ ಶೇ 32ರಷ್ಟು ಇಳಿಯಿತು.

ಮೂರನೆಯ ಆಕ್ಷೇಪ ವೈದ್ಯರಿಂದಲೇ ಬರುತ್ತದೆ: ನಮ್ಮ ಜನ ಮಾಡುವುದಿಲ್ಲ. ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ಎಲ್ಲರೂ ಬಲ್ಲರು, ಪಾಲಿಸುವವರಿಲ್ಲ ಎಂಬ ಬೇಸರ ಅದರ ಹಿಂದಿದೆ. ಆ ಗಾದೆ ಬಲ್ಲತನವೊಂದಿದ್ದರೆ ಸಾಕು ಎಂದುಕೊಳ್ಳುತ್ತದೆ. ಪುರಾವೆ ಹೇಳುವುದು ಬೇರೆ. 2013ರಲ್ಲಿ ರಾಮಚಂದ್ರನ್ ಅವರ ತಂಡ ದಕ್ಷಿಣ ಭಾರತದ 537 ದುಡಿಯುವ ಗಂಡಸರಲ್ಲಿ ಮಾಡಿದ ಪ್ರಯೋಗವೊಂದನ್ನು ಪ್ರಕಟಿಸಿತು. ಎಲ್ಲರಿಗೂ ಮೊದಲಲ್ಲಿ ಒಂದೇ ಬಗೆಯ ಸಲಹೆ. ಅರ್ಧದಷ್ಟು ಮಂದಿಗೆ ಮಾತ್ರ ಮುಂದೆ ಎರಡು ವರ್ಷ ವಾರಕ್ಕೆ ಎರಡರಿಂದ ನಾಲ್ಕು ಮೊಬೈಲ್ ಸಂದೇಶ ಹೋದವು. ಸಂದೇಶ ಪಡೆಯದವರಲ್ಲಿ ನೂರಕ್ಕೆ 27 ಮಂದಿಗೆ ಕಾಯಿಲೆ ಬಂತು, ಪಡೆದವರಲ್ಲಿ 18 ಮಂದಿಗೆ. ತಿಳಿವಳಿಕೆ ಎರಡೂ ಕಡೆ ಸಮ. ವ್ಯತ್ಯಾಸ ಮಾಡಿದ್ದು ನೆನಪಿಸುವ ಒಂದು ಸಣ್ಣ ತಂತು. ಆದರೆ ಯಾವುದೇ ತಂತು ಸಾಕು ಎಂದೂ ಅಲ್ಲ. ತಿರುವನಂತಪುರ ಜಿಲ್ಲೆಯ ನೆಯ್ಯಾಟಿಂಕರ ತಾಲ್ಲೂಕಿನಲ್ಲಿ ಊರಿನವರನ್ನೇ ಮುಂದಾಳುಗಳಾಗಿ ತರಬೇತು ಮಾಡಿ, ಸಾವಿರ ಜನರ ನಡುವೆ ವರ್ಷವಿಡೀ ಗುಂಪು ಸಭೆಗಳನ್ನು ನಡೆಸಿದ ಕೇರಳದ ಅಧ್ಯಯನದಲ್ಲಿ ಎರಡು ವರ್ಷದ ನಂತರ 17ರ ಎದುರು 15, ಅಂದರೆ ಅಂಕಿಅಂಶದ ಲೆಕ್ಕದಲ್ಲಿ ಗಟ್ಟಿ ಎನ್ನಲಾಗದ ವ್ಯತ್ಯಾಸ. ಜನ ತರಕಾರಿ ಹಣ್ಣು ಹೆಚ್ಚು ತಿಂದರು, ಕುಡಿತ ಕಡಿಮೆ ಮಾಡಿದರು, ಕಾಯಿಲೆ ಮಾತ್ರ ನಿರೀಕ್ಷೆಯಷ್ಟು ತಗ್ಗಲಿಲ್ಲ. ಅಲ್ಲಿ ಜನರನ್ನು ಆರಿಸಿದ್ದು ಅಪಾಯದ ಅಂಕ ಕೊಡುವ ಪ್ರಶ್ನಾವಳಿಯಿಂದ. ದಾಚಿಂಗ್‌ನಲ್ಲೂ ಚೆನ್ನೈಯಲ್ಲೂ ಸಕ್ಕರೆ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ನೋಡಿ ಆರಿಸಿದ್ದರು. ಯಾರಿಗೆ ಯಾವ ಪ್ರಮಾಣದಲ್ಲಿ ಕೊಡಬೇಕು ಎಂಬ ಪ್ರಶ್ನೆ ಮಾತ್ರೆಗಿದ್ದಂತೆ ಇದಕ್ಕೂ ಇದೆ. ಡೋಸ್ ಸಾಲದ ಔಷಧವನ್ನು ಬಿಸಾಡುವುದಿಲ್ಲ, ಡೋಸ್ ಸರಿಪಡಿಸುತ್ತೇವೆ.

ಊಟದ ವಿಷಯಕ್ಕೆ ಬಂದರೆ ಡೋಸ್ ಎಂಬ ಮಾತು ಇನ್ನಷ್ಟು ಅರ್ಥಪೂರ್ಣವಾಗುತ್ತದೆ. 2025ರಲ್ಲಿ ಪ್ರಕಟವಾದ ಇಂಡಿಯಾಬ್‌ನ ಆಹಾರ ವಿಶ್ಲೇಷಣೆಯಂತೆ ಭಾರತೀಯರ ಶಕ್ತಿಯ ಶೇ 62ರಷ್ಟು ಪಿಷ್ಟ ಮತ್ತು ಸಕ್ಕರೆಯಿಂದ ಬರುತ್ತದೆ. ಅದರಲ್ಲಿನ ಒಂದು ಶೋಧನೆ ರಾಗಿ ನಾಡಿನವರಾದ ನಾವು ನಿಂತು ಕೇಳಬೇಕಾದದ್ದು. ಒಟ್ಟು ಪಿಷ್ಟದ ಪ್ರಮಾಣ ಇಳಿಸದೆ, ಅಕ್ಕಿ ಮೈದಾಗಳ ಜಾಗದಲ್ಲಿ ಗೋಧಿ ಅಥವಾ ಸಿರಿಧಾನ್ಯದ ಹಿಟ್ಟನ್ನು ತಂದರೆ ಕಾಯಿಲೆಯ ಸಂಭವ ಕಡಿಮೆಯಾದದ್ದು ಕಂಡುಬರಲಿಲ್ಲ. ಪಿಷ್ಟದ ಒಂದು ಸಣ್ಣ ಪಾಲನ್ನು ಬೇಳೆಕಾಳು, ಹಾಲು ಮೊಸರು, ಮೊಟ್ಟೆ, ಮೀನುಗಳ ಪ್ರೋಟೀನಿನಿಂದ ತುಂಬಿದಾಗ ಕಡಿಮೆಯಾಯಿತು. ಮುದ್ದೆ ಒಳ್ಳೆಯದು ಎಂದು ಎರಡು ದೊಡ್ಡ ಮುದ್ದೆ ಉಂಡು, ಮೇಲೆ ಅನ್ನವನ್ನೂ ಉಂಡರೆ ಸಕ್ಕರೆ ಏರಿಯೇ ಏರುತ್ತದೆ. ಮುದ್ದೆ ಅರ್ಧವಾಗಿ ಮಸ್ಸೊಪ್ಪು, ಉಪ್ಸಾರಿನ ಕಾಳು ಇಮ್ಮಡಿಯಾದರೆ ಅದು ಚಿಕಿತ್ಸೆ. ಇಂಥ ಸೂಚನೆ ಕೊಡಬೇಕಾದರೆ ಹೇಳುವವರಿಗೆ ಆ ಮನೆಯ ಅಡುಗೆ ಗೊತ್ತಿರಬೇಕು. ಓಟ್ಸ್ ಮತ್ತು ಸಲಾಡ್ ಎಂದು ಅಚ್ಚು ಹಾಕಿಸಿದ ಹಾಳೆಯನ್ನು ಮಂಡ್ಯದ ರೈತನಿಗೂ ವಿಜಯಪುರದ ಹಮಾಲನಿಗೂ ಕೊಟ್ಟು ಕಳಿಸಿದರೆ ಯಾರಿಗೂ ಉಪಯೋಗವಿಲ್ಲ. ಬಿಪಿಯ ವಿಷಯದಲ್ಲೂ ಹೀಗೆಯೇ: ಉಪ್ಪು ದಿನಕ್ಕೆ ಐದು ಗ್ರಾಂ ಮೀರಬಾರದು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ನಮ್ಮ ಮನೆಯಲ್ಲಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ಭಾಷೆಯಲ್ಲಿ ಹೇಳಿದಾಗ ಮಾತ್ರ ಅರ್ಥವಾಗುತ್ತದೆ.

ಈ ಅಧ್ಯಯನಗಳಲ್ಲಿ ಒಂದು ಕೊರತೆ ನನ್ನನ್ನು ಕಾಡುತ್ತದೆ. 2006ರ ಚೆನ್ನೈ ಅಧ್ಯಯನದ 531 ಜನರಲ್ಲಿ ಹೆಂಗಸರು 110 ಮಾತ್ರ. ಮೊಬೈಲ್ ಸಂದೇಶದ ಪ್ರಯೋಗದಲ್ಲಿ ಒಬ್ಬರೂ ಇಲ್ಲ. ಮನೆಯ ಉಪ್ಪು, ಎಣ್ಣೆ, ಕಾಳುಗಳ ಅಳತೆ ಹಿಡಿಯುವ ಕೈ ಯಾರದೋ ಅವರು ಲೆಕ್ಕದ ಹೊರಗೆ ಉಳಿದಿದ್ದಾರೆ. ಗಂಡನ ಪಥ್ಯವನ್ನು ಅಡುಗೆಮನೆಯಲ್ಲಿ ನಡೆಸುವ ಹೆಂಡತಿಗೆ ತನ್ನದೇ ಶುಗರ್ ಇದ್ದಾಗ ಅರ್ಧ ಗಂಟೆ ಹೊರಗೆ ನಡೆಯಲು ಬಿಡುವಿಲ್ಲ, ಎಷ್ಟೋ ಊರುಗಳಲ್ಲಿ ಕತ್ತಲಾದ ಮೇಲೆ ನಡೆಯಲು ದಾರಿಯೂ ಇಲ್ಲ.

ಇದರಿಂದಲೇ ಕೊನೆಯ ಮತ್ತು ನ್ಯಾಯವಾದ ಆಕ್ಷೇಪ ಹುಟ್ಟುತ್ತದೆ. ಜೀವನಕ್ರಮ ಎಂಬ ಪದವೇ ತಪ್ಪನ್ನು ರೋಗಿಯ ತಲೆಗೆ ಕಟ್ಟುವುದಿಲ್ಲವೆ? ಕಟ್ಟುತ್ತದೆ, ಅದನ್ನು ಒಬ್ಬಂಟಿ ಮನುಷ್ಯನ ಆಯ್ಕೆ ಎಂದುಕೊಂಡರೆ. ಫಿನ್ಲೆಂಡಿನ ಉತ್ತರ ಕರೇಲಿಯಾ ಪ್ರಾಂತ್ಯದವರು ಹಾಗೆಂದುಕೊಳ್ಳಲಿಲ್ಲ. ಗಂಡಸರು ಐವತ್ತರ ಒಳಗೇ ಹೃದಯಾಘಾತದಿಂದ ಸಾಯುತ್ತಿದ್ದ ಆ ಸೀಮೆಯಲ್ಲಿ 1972ರಲ್ಲಿ ಪೆಕ್ಕಾ ಪುಸ್ಕಾ ಎಂಬ ಯುವ ವೈದ್ಯರ ನೇತೃತ್ವದಲ್ಲಿ ಕೆಲಸ ಶುರುವಾಯಿತು. ಅವರು ಬೆಣ್ಣೆ ತಿನ್ನಬೇಡಿ ಎಂದು ಹೇಳಿ ಸುಮ್ಮನಾಗಲಿಲ್ಲ. ಸಾಸೇಜ್ ಮಾಡುವವರ ಬಳಿ ಹೋಗಿ ಕೊಬ್ಬು ಉಪ್ಪು ಕಡಿಮೆ ಹಾಕಲು ಒಪ್ಪಿಸಿದರು, ಗೃಹಿಣಿಯರ ಸಂಘಗಳ ಜೊತೆ ಸೇರಿ ಹೊಸ ಅಡುಗೆ ಕಲಿಸಿದರು, ಹೈನುಗಾರರಿಗೆ ಹಣ್ಣು ಬೆಳೆಯುವ ದಾರಿ ತೋರಿದರು, ಊರಿಗೆ ಊರೇ ಸಿಗರೇಟು ಬಿಡುವ ಸ್ಪರ್ಧೆ ನಡೆಸಿದರು. ಮೂರೂವರೆ ದಶಕದಲ್ಲಿ ದುಡಿಯುವ ವಯಸ್ಸಿನ ಗಂಡಸರ ಹೃದ್ರೋಗ ಸಾವು ಶೇ 80ಕ್ಕೂ ಹೆಚ್ಚು ಇಳಿಯಿತು. ಅದರಲ್ಲಿ ಹೊಸ ಔಷಧಗಳ ಪಾಲೂ ಇದೆ, ಆದರೆ ಇಳಿತ ಆ ಔಷಧಗಳು ಬರುವ ಮೊದಲೇ ಶುರುವಾಗಿತ್ತು. ನಮ್ಮಲ್ಲಿ ಪಡಿತರದ ಚೀಲದಲ್ಲಿ ಅಕ್ಕಿಯ ಪಕ್ಕದಲ್ಲಿ ಬೇಳೆ ಎಷ್ಟಿದೆ, ಬೇಕರಿಯ ಪೊಟ್ಟಣದ ಮುಂಭಾಗದಲ್ಲಿ ಸಕ್ಕರೆ ಉಪ್ಪಿನ ಪ್ರಮಾಣ ಓದುವ ಹಾಗಿದೆಯೆ, ಊರಲ್ಲಿ ಪಾದಚಾರಿ ದಾರಿ ಇದೆಯೆ ಎಂಬ ಪ್ರಶ್ನೆಗಳೆಲ್ಲ ಈ ಅರ್ಥದಲ್ಲಿ ಚಿಕಿತ್ಸೆಯ ಪ್ರಶ್ನೆಗಳು.

ಇದಕ್ಕೆಲ್ಲ ಹಣ ಎಲ್ಲಿದೆ ಎನ್ನುವವರಿಗೆ ರಾಮಚಂದ್ರನ್ ಅವರ ತಂಡ 2007ರಲ್ಲೇ ಲೆಕ್ಕ ಕೊಟ್ಟಿದೆ. ಊಟ ನಡಿಗೆಗಳ ಕಾರ್ಯಕ್ರಮದಿಂದ ಒಬ್ಬರಿಗೆ ಸಕ್ಕರೆ ಕಾಯಿಲೆ ಬರದಂತೆ ತಡೆಯಲು ಮೂರು ವರ್ಷದಲ್ಲಿ ಆದ ಖರ್ಚು ಅಂದಿನ ಬೆಲೆಯಲ್ಲಿ ಸುಮಾರು 47 ಸಾವಿರ ರೂಪಾಯಿ, ಮೆಟ್‌ಫಾರ್ಮಿನ್‌ನಿಂದ ತಡೆಯಲು 49 ಸಾವಿರ. ಇದನ್ನು ತೂಗಬೇಕಾದದ್ದು ಜೀವನಪೂರ್ತಿ ಮಾತ್ರೆಯ, ಕಣ್ಣಿನ ಲೇಸರ್‌ನ, ವಾರಕ್ಕೆ ಎರಡು ಮೂರು ಸಲದ ಡಯಾಲಿಸಿಸ್‌ನ ಖರ್ಚಿನ ಎದುರು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ 2016ರಿಂದ ಬಾರ್ಡರ್ ಹಂತದವರನ್ನು ಒಂಬತ್ತು ತಿಂಗಳ ಕಾರ್ಯಕ್ರಮಕ್ಕೆ ಉಚಿತವಾಗಿ ಕಳಿಸುತ್ತಿದೆ. ಅಮೆರಿಕದ ಹಿರಿಯರ ಸರ್ಕಾರಿ ವಿಮೆ 2018ರಿಂದ ಇಂಥ ತರಗತಿಗಳ ಹಣ ಭರಿಸುತ್ತಿದೆ. ನಮ್ಮಲ್ಲಿ ವಿಮೆ ಕಾಲು ಕತ್ತರಿಸುವ ಶಸ್ತ್ರಚಿಕಿತ್ಸೆಗೆ ಹಣ ಕೊಡುತ್ತದೆ. ಆ ಕಾಲು ಉಳಿಯುವಂತೆ ಹದಿನೈದು ವರ್ಷ ಮೊದಲು ಮಾಡಬಹುದಾಗಿದ್ದ ಕೆಲಸಕ್ಕೆ ಕೊಡುವುದಿಲ್ಲ.

ಹೊಸ ಕಟ್ಟಡ ಬೇಕಿಲ್ಲ. 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಶುರುವಾದ ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆಯಲ್ಲಿ ಆರೋಗ್ಯ ಸಿಬ್ಬಂದಿ ಮನೆಬಾಗಿಲಿಗೆ ಬಂದು 30 ದಾಟಿದವರ ಬಿಪಿ, ಶುಗರ್ ನೋಡುತ್ತಾರೆ, ಕಾಯಿಲೆ ಇದ್ದವರಿಗೆ ಮಾತ್ರೆ ತಲುಪಿಸುತ್ತಾರೆ. ಬಾಗಿಲವರೆಗೆ ದಾರಿ ಆಗಿದೆ. ಅದೇ ಭೇಟಿಯಲ್ಲಿ ಸೊಂಟದ ಸುತ್ತಳತೆಯೊಂದನ್ನು ತೆಗೆದುಕೊಳ್ಳಬಹುದು, ಈ ವಾರ ಎಷ್ಟು ದಿನ ನಡೆದಿರಿ, ತಟ್ಟೆಯಲ್ಲಿ ಅನ್ನ ಎಷ್ಟು ಸೌಟು, ಕಾಳು ಎಷ್ಟು ಸೌಟು ಎಂದು ಕೇಳಿ ಬರೆದುಕೊಳ್ಳಬಹುದು, ಬಾರ್ಡರ್‌ನಲ್ಲಿರುವವರ ಹೆಸರಿಗೂ ಅದೇ ಪುಸ್ತಕದಲ್ಲಿ ಒಂದು ಪುಟ ತೆರೆಯಬಹುದು. ಆ ಪುಟದಲ್ಲಿ ಮುಂದಿನ ಭೇಟಿಯ ತಾರೀಖು ಬರೆದಿರಬೇಕು, ಆ ತಾರೀಖಿಗೆ ಯಾರಾದರೂ ಬರಬೇಕು.